ಅರ್ಧ ತುಟಿಗೆ ಮಾತ್ರ ಜೋಮು ಹಿಡಿದರೆ

ದಾವಣಗೆರೆಯಲ್ಲಿ ಬಾಯಿ ಚುರುಗುಟ್ಟಿದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಸಂಜೆ ತಿಂದ ಮಿರ್ಚಿ ಮಂಡಕ್ಕಿ ಮೇಲೆ ತಪ್ಪು ಹೊರಿಸಿ ಸುಮ್ನಾಗುತ್ತಾರೆ. ಎಷ್ಟೋ ಸಲ ಅದು ನಿಜವೂ ಹೌದು. ಮೆಣಸಿನಕಾಯಿಯ ಕ್ಯಾಪ್ಸೈಸಿನ್, ಬಿಸಿಯನ್ನು ಗುರುತಿಸುವ ನರಗಳನ್ನೇ ಕೆಣಕುತ್ತದೆ. ಸುಡದಿದ್ದರೂ ಸುಟ್ಟಂತೆ ಅನ್ನಿಸುತ್ತದೆ, ಸ್ವಲ್ಪ ಹೊತ್ತಿಗೆ ಇಳಿಯುತ್ತದೆ. ಏನೂ ತಿನ್ನದೆ ತುಟಿ ಜುಮ್ಮೆಂದರೆ? ಆಗ ‘ಏನು ತಿಂದೆ’ ಅನ್ನುವುದಕ್ಕಿಂತ ‘ಎಲ್ಲಿ ಜುಮ್ಮೆನ್ನುತ್ತಿದೆ’ ಅಂತ ಕೇಳುವುದು ಒಳ್ಳೆಯದು.

ಬಾಯಿಯ ಸುತ್ತ ಎರಡೂ ಕಡೆ, ಜೊತೆಗೆ ಬೆರಳ ತುದಿಯಲ್ಲೂ ಜುಮ್ಮೆನ್ನುತ್ತಿದ್ದರೆ, ಕಾರಣ ರಕ್ತದಲ್ಲಿರಬಹುದು. ಪಿಯುಸಿ ಪರೀಕ್ಷೆಗೆ ಮುಂಚೆ ಗಾಬರಿಯಾದ ಹುಡುಗಿಯೊಬ್ಬಳು ಏದುಸಿರು ಬಿಡುತ್ತಿದ್ದಾಳೆ ಅಂದುಕೊಳ್ಳಿ. ಕಾರ್ಬನ್ ಡೈಆಕ್ಸೈಡ್ ಬೇಕಾದ್ದಕ್ಕಿಂತ ಜಾಸ್ತಿ ಹೊರಗೆ ಹೋಗುತ್ತದೆ, ರಕ್ತ ಹೆಚ್ಚು ಕ್ಷಾರೀಯವಾಗುತ್ತದೆ. ಆಗ ರಕ್ತದಲ್ಲಿ ಬಿಡಿಯಾಗಿದ್ದ ಕ್ಯಾಲ್ಸಿಯಂನಲ್ಲಿ ಒಂದಷ್ಟು ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ನರಗಳನ್ನು ಹದ್ದುಬಸ್ತಿನಲ್ಲಿಡುವುದೇ ಈ ಬಿಡಿ ಕ್ಯಾಲ್ಸಿಯಂ. ಅದು ಕಡಿಮೆಯಾದರೆ ಯಾರೂ ಮುಟ್ಟದಿದ್ದರೂ ನರಗಳು ಮಿದುಳಿಗೆ ಸುದ್ದಿ ಕಳಿಸತೊಡಗುತ್ತವೆ. ತುಟಿ ಜುಮ್ಮೆನ್ನುತ್ತದೆ, ಕೆಲವೊಮ್ಮೆ ಕೈಬೆರಳು ಸೆಟೆದುಕೊಳ್ಳುತ್ತವೆ. ಅದನ್ನು ಕಂಡು ಗಾಬರಿ ಇನ್ನೂ ಏರುತ್ತದೆ. ಪಕ್ಕದಲ್ಲಿ ಕೂತು ನಿಧಾನವಾಗಿ ಉಸಿರಾಡಿಸಿದರೆ ಸಾಮಾನ್ಯವಾಗಿ ತಾನೇ ಸರಿಹೋಗುತ್ತದೆ.

ಥೈರಾಯ್ಡ್ ಆಪರೇಷನ್ ಆದವರಲ್ಲಿ ಇದೇ ಕಥೆ ಬೇರೆ ದಾರಿಯಿಂದ ಬರುತ್ತದೆ. ಥೈರಾಯ್ಡ್ ಹಿಂದೆ, ರಕ್ತದ ಕ್ಯಾಲ್ಸಿಯಂ ಮಟ್ಟ ಕಾಯುವ, ಅಕ್ಕಿಕಾಳಿನಷ್ಟು ಪುಟ್ಟದಾದ ಪ್ಯಾರಾಥೈರಾಯ್ಡ್ ಗ್ರಂಥಿಗಳಿವೆ, ಸಾಮಾನ್ಯವಾಗಿ 4. ಅವುಗಳಿಗೆ ಪೆಟ್ಟಾದರೆ ಕ್ಯಾಲ್ಸಿಯಂ ನಿಜವಾಗಿಯೇ ಇಳಿಯುತ್ತದೆ. ಮನೆಗೆ ಬಂದ ಮೇಲೆ ತುಟಿ ಜುಮ್ಮೆಂದರೆ ಸರ್ಜನ್‌ಗೆ ಅವತ್ತೇ ಫೋನ್ ಮಾಡಬೇಕು.

ಇನ್ನು ಒಂದೇ ಕಡೆಯ ಜೋಮು. ಕರ್ಚೀಫಿನ ತುದಿಯನ್ನು ಸುರುಳಿ ಸುತ್ತಿ, ಕೆಳತುಟಿಯ ಈ ಮೂಲೆಯಿಂದ ಆ ಮೂಲೆಗೆ ಮೆಲ್ಲಗೆ ಎಳೆಯಿರಿ. ಸ್ಪರ್ಶ ತಿಳಿಯದ ಜಾಗ ತುಟಿಯ ಸರಿ ಮಧ್ಯಕ್ಕೆ ಬಂದು ನಿಂತಿತಾ? ಹಾಗಿದ್ದರೆ ಅನುಮಾನ ಒಂದು ನರದ ಮೇಲೆ. ಕೆಳದವಡೆಯ ಮೂಳೆಯೊಳಗೆ ಎಡಕ್ಕೊಂದು ಬಲಕ್ಕೊಂದು ನರ ಹೋಗುತ್ತದೆ. ದಾರಿಯಲ್ಲಿ ಹಲ್ಲುಗಳಿಗೆ ಕವಲು ಕೊಟ್ಟು, ಸಣ್ಣ ತೂತಿನಿಂದ ಹೊರಬಂದು ಆ ಕಡೆಯ ತುಟಿ, ಗದ್ದಕ್ಕೆ ಹರಡುತ್ತದೆ. ಹಲ್ಲಿನ ಡಾಕ್ಟರು ಇಂಜೆಕ್ಷನ್‌ನಿಂದ ಮರಗಟ್ಟಿಸುವುದು ಇದನ್ನೇ. ಕೆಳಗಿನ ಬುದ್ಧಿಹಲ್ಲಿನ ಬೇರು ಇದಕ್ಕೆ ತೀರಾ ಹತ್ತಿರ, ಹಾಗಾಗಿ ಆ ಹಲ್ಲು ಕಿತ್ತ ಮೇಲೆ ಕೆಲವರಿಗೆ ವಾರಗಟ್ಟಲೆ ಜೋಮು ಉಳಿಯುತ್ತದೆ. ಹಲ್ಲಿಗೆ ಏನೂ ಮಾಡಿಸದೆ ಗದ್ದ ಮರಗಟ್ಟಿದರೆ ಮಾತ್ರ ಕಾಯಬೇಡಿ. ಅಪರೂಪಕ್ಕೆ, ಬೇರೆಲ್ಲೋ ಶುರುವಾದ ಕ್ಯಾನ್ಸರ್ ದವಡೆ ಮೂಳೆಗೆ ಹರಡಿದ್ದರ ಮೊದಲ ಸೂಚನೆ ಅದು. ಒಂದು ಕಡೆ ಮುಖ ಸೊಟ್ಟಗಾಗಿ, ಕೈ ಸೋತು, ಮಾತು ತೊದಲಿದರೆ ಲಕ್ವ ಇರಬಹುದು. ಕೂಡಲೇ 108ಕ್ಕೆ ಫೋನ್ ಮಾಡಿ.

ನಾಲಿಗೆ ನುಣುಪಾಗಿ ಕೆಂಪಾಗಿ ಉರಿಯುತ್ತಿದ್ದು, ಪಾದಕ್ಕೂ ಜೋಮು ಹಿಡಿಯುತ್ತಿದ್ದರೆ ವಿಟಮಿನ್ ಬಿ12 ಪರೀಕ್ಷೆ ಮಾಡಿಸಿ. ಸಸ್ಯಾಹಾರಿಗಳು, ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ನುಂಗುವವರು ಮುಖ್ಯವಾಗಿ.

ಅಡಿಕೆ ಬೆಳೆಯುವ ಚನ್ನಗಿರಿ, ಭೀಮಸಮುದ್ರದ ಕಡೆಯವರಿಗೆ ಮುಂದಿನ ಮಾತು ಹಿಡಿಸಲಿಕ್ಕಿಲ್ಲ, ಗೊತ್ತು. ಅಡಿಕೆ, ಗುಟ್ಕಾ ಜಗಿಯುವ ಕೆಲವರಿಗೆ ಮೊದಲು ಖಾರ ತಡೆಯದಷ್ಟು ಉರಿ ಬರುತ್ತದೆ, ಆಮೇಲೆ ಕೆನ್ನೆಯ ಒಳಭಾಗ ಬಿಗಿಯುತ್ತದೆ, ಬಾಯಿ ತೆರೆಯುವುದು ಕಡಿಮೆಯಾಗುತ್ತದೆ. ಈ ಸ್ಥಿತಿ ಕ್ಯಾನ್ಸರಿಗೆ ತಿರುಗಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಅಡಿಕೆಯನ್ನೇ ಕ್ಯಾನ್ಸರ್‌ಕಾರಕ ಎಂದು ಪ್ರಕಟಿಸಿತು. ನಿಮ್ಮ ನಡುವಿನ ಮೂರು ಬೆರಳನ್ನು ಒಂದರ ಮೇಲೊಂದು ಬರುವಂತೆ ಹಿಡಿದು ಮೇಲಿನ ಮತ್ತು ಕೆಳಗಿನ ಹಲ್ಲುಗಳ ನಡುವೆ ಇಟ್ಟು ನೋಡಿ. ಹೋಗದಿದ್ದರೆ ಡೆಂಟಲ್ ಕಾಲೇಜುಗಳಿರುವ ದಾವಣಗೆರೆಯಲ್ಲಿ ತೋರಿಸಿಕೊಳ್ಳಲು ದೂರ ಹೋಗಬೇಕಾಗಿಲ್ಲ.