ಪೆನ್ನಿನ ಬೆಳಕು ರಿಮೋಟಿಗೆ ಕಾಣಬೇಕು

ತರಗತಿಗೆ ಸ್ಮಾರ್ಟ್ ಬೋರ್ಡ್ ಬೇಕು, ಆದರೆ ಅಷ್ಟು ದುಡ್ಡಿಲ್ಲ ಅನ್ನುವ ಶಿಕ್ಷಕರನ್ನು ನಾನು ಮೊದಲು ಕೇಳುವುದು ಒಂದೇ ಮಾತು: ಪ್ರೊಜೆಕ್ಟರ್ ಮತ್ತು ಲ್ಯಾಪ್‌ಟಾಪ್ ಇದೆಯಾ? ಇದ್ದರೆ ಮುಕ್ಕಾಲು ಕೆಲಸ ಮುಗಿದ ಹಾಗೆ. ಇನ್ನು ಬೇಕಾಗಿರುವುದು ನಿಂಟೆಂಡೊ ಕಂಪನಿಯ ‘ವೀ’ ಎಂಬ ವಿಡಿಯೊ ಗೇಮಿನ ಹಳೆಯ ರಿಮೋಟ್, ಲ್ಯಾಪ್‌ಟಾಪಿನಲ್ಲಿ ಬ್ಲೂಟೂತ್, ಮತ್ತು ನಾವೇ ಮಾಡಿಕೊಳ್ಳುವ ಒಂದು ಪೆನ್ನು.

2007ರ ಕೊನೆಯಲ್ಲಿ ಜಾನಿ ಚಂಗ್ ಲೀ ಈ ಉಪಾಯವನ್ನು ವಿಡಿಯೊ ಮಾಡಿ ತೋರಿಸಿದರು. ಆಗ ಅವರು ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮಾಡುತ್ತಿದ್ದರು. ತಂತ್ರಾಂಶವನ್ನೂ ಪುಕ್ಕಟೆ ಕೊಟ್ಟರು. ವೀ ರಿಮೋಟಿನ ಮೂತಿಯಲ್ಲಿ ಒಂದು ಪುಟ್ಟ ಕ್ಯಾಮೆರಾ ಇದೆ. ನಮ್ಮ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಮಾತ್ರ ಅದಕ್ಕೆ ಕಾಣುತ್ತದೆ. ಪೆನ್ನಿನ ತುದಿಯಲ್ಲಿ ಅಂಥ ಬೆಳಕು ಹೊತ್ತಿದಾಗ ಅದು ಎಲ್ಲಿದೆ ಅಂತ ರಿಮೋಟ್ ಲ್ಯಾಪ್‌ಟಾಪಿಗೆ ಹೇಳುತ್ತದೆ. ಲ್ಯಾಪ್‌ಟಾಪ್ ಅದನ್ನೇ ಮೌಸ್ ಅಂದುಕೊಳ್ಳುತ್ತದೆ. ಪ್ರೊಜೆಕ್ಟರ್ ಬೋರ್ಡಿನ ಮೇಲೆ ಮೂಡಿಸಿದ ಲ್ಯಾಪ್‌ಟಾಪ್ ಪರದೆಯಲ್ಲಿ ಪೆನ್ನು ಹೋದಲ್ಲೆಲ್ಲ ಗೆರೆ ಬರುತ್ತದೆ. ಇಷ್ಟೇ ವಿಷಯ.

ಪೆನ್ನು ಮಾಡಲು ಖಾಲಿಯಾದ ಮಾರ್ಕರ್ ಸಾಕು. ಒಳಗೆ 1.5 ವೋಲ್ಟಿನ ಒಂದು ಸೆಲ್ಲು, ಬೆರಳಿಗೆ ಸಿಗುವಲ್ಲಿ ಒಂದು ಒತ್ತು ಸ್ವಿಚ್, ತುದಿಯಲ್ಲಿ ಇನ್‌ಫ್ರಾರೆಡ್ ಎಲ್‌ಇಡಿ. ಎಲ್‌ಇಡಿಯ ಉದ್ದದ ಕಾಲು ಸೆಲ್ಲಿನ ಪ್ಲಸ್ ಕಡೆಗೆ ಬರಬೇಕು. ಒಂದೇ ಸೆಲ್ಲಾದರೆ ರೆಸಿಸ್ಟರ್ (ಕರೆಂಟು ಹೆಚ್ಚಾಗದಂತೆ ತಡೆಯುವ ಪುಟ್ಟ ಬಿಡಿಭಾಗ) ಇಲ್ಲದೆ ನಡೆಯುತ್ತದೆ. ಎರಡು ಹಾಕುವುದಾದರೆ ರೆಸಿಸ್ಟರ್ ಬೇಕೇ ಬೇಕು, ಇಲ್ಲದಿದ್ದರೆ ಎಲ್‌ಇಡಿ ಸುಟ್ಟುಹೋಗುತ್ತದೆ. ಪೆನ್ನು ಹೊತ್ತುತ್ತಿದೆಯೋ ಇಲ್ಲವೋ ಬರಿಗಣ್ಣಿಗೆ ತಿಳಿಯುವುದಿಲ್ಲ. ಮೊಬೈಲಿನ ಮುಂದಿನ ಕ್ಯಾಮೆರಾದಲ್ಲಿ ನೋಡಿ, ಹೊತ್ತಿದ್ದರೆ ಸಾಮಾನ್ಯವಾಗಿ ತುದಿಯಲ್ಲಿ ನೇರಳೆ ಚುಕ್ಕೆ ಕಾಣುತ್ತದೆ. ಮಕ್ಕಳಿಗೆ ಒಂದು ಮಾತು ಹೇಳಿರಿ: ತುದಿಯನ್ನು ಕಣ್ಣಿಗೆ ಹಿಡಿದು ನೋಡಬಾರದು. ಬೆಳಕು ಕಾಣದ ಕಾರಣ ರೆಪ್ಪೆ ತಾನಾಗಿ ಮುಚ್ಚುವುದಿಲ್ಲ.

ಹೆಚ್ಚಿನವರು ಎಡವುವುದು ಇಲ್ಲೇ. ಚೆಂದ ಕಾಣಲಿ ಅಂತ ಎಲ್‌ಇಡಿಯನ್ನು ಮಾರ್ಕರಿನ ಒಳಕ್ಕೆ ತಳ್ಳುತ್ತಾರೆ. ಆಗ ಬೆಳಕು ಎದುರಿಗೆ ಮಾತ್ರ ಹೋಗಿ ಬೋರ್ಡಿಗೆ ಬಡಿಯುತ್ತದೆ, ಪಕ್ಕದಲ್ಲಿರುವ ರಿಮೋಟಿಗೆ ಸಿಗುವುದೇ ಇಲ್ಲ. ಎಲ್‌ಇಡಿಯ ತಲೆ ಪೂರ್ತಿ ಹೊರಗಿರಲಿ. ಅದರ ಗುಂಡು ಮೂತಿಯನ್ನು ಉಪ್ಪುಕಾಗದದಿಂದ ಸ್ವಲ್ಪ ಉಜ್ಜಿದರೆ ಬೆಳಕು ಸುತ್ತಲೂ ಹರಡುತ್ತದೆ. ಎರಡು ನಿಮಿಷದ ಕೆಲಸ, ಆದರೆ ತಂತ್ರಾಂಶ ಬದಲಾಯಿಸುವುದಕ್ಕಿಂತ ಜಾಸ್ತಿ ಪ್ರಯೋಜನ ಇದರಿಂದ.

ಇನ್ನು ರಿಮೋಟ್ ಎಲ್ಲಿಡಬೇಕು? ಸುಮ್ನೆ ಎದುರಿನ ಮೇಜಿನ ಮೇಲೆ ಇಟ್ಟರೆ ಬರೆಯುವವರ ಬೆನ್ನು ಮಾತ್ರ ಅದಕ್ಕೆ ಕಾಣುತ್ತದೆ. ಬೋರ್ಡಿನ ಅಗಲದ ಒಂದೂವರೆಯಿಂದ ಎರಡು ಪಟ್ಟು ದೂರದಲ್ಲಿ, ಪಕ್ಕಕ್ಕೆ, ತಲೆಗಿಂತ ಎತ್ತರದಲ್ಲಿ ಕಟ್ಟಬೇಕು. ಓರೆಯಾಗಿದ್ದರೆ ಚಿಂತೆಯಿಲ್ಲ. ಕ್ಯಾಲಿಬ್ರೇಷನ್, ಅಂದರೆ ಬೋರ್ಡಿಗೂ ರಿಮೋಟಿಗೂ ಹೊಂದಾಣಿಕೆ ಮಾಡುವಾಗ ಪರದೆಯ ನಾಲ್ಕು ಮೂಲೆಗಳನ್ನು ಪೆನ್ನಿನಿಂದ ಮುಟ್ಟುತ್ತೇವಲ್ಲ, ಆಗ ತಂತ್ರಾಂಶ ಆ ಓರೆಯನ್ನು ಲೆಕ್ಕ ಹಾಕಿ ನೇರ ಮಾಡಿಕೊಳ್ಳುತ್ತದೆ. ಆಮೇಲೆ ರಿಮೋಟಾಗಲಿ ಪ್ರೊಜೆಕ್ಟರಾಗಲಿ ಒಂದಿಷ್ಟು ಅಲುಗಿದರೂ ಗೆರೆ ಪೆನ್ನಿನ ತುದಿ ಬಿಟ್ಟು ಬೇರೆಲ್ಲೋ ಮೂಡುತ್ತದೆ.

ತೀರಾ ದೂರ ಹೋದರೂ ತೊಂದರೆಯೇ. ಆ ಕ್ಯಾಮೆರಾ ಅಡ್ಡಕ್ಕೆ ಕೊಡುವುದು 1024 ಬಿಂದುಗಳು. 2 ಮೀಟರ್ ಅಗಲದ ಬೋರ್ಡು ಅದರ ನೋಟವನ್ನು ಪೂರ್ತಿ ತುಂಬಿದರೆ ಒಂದು ಬಿಂದುವಿಗೆ ಸುಮಾರು 2 ಮಿಲಿಮೀಟರ್. ಅರ್ಧ ಮಾತ್ರ ತುಂಬಿದರೆ 4 ಮಿಲಿಮೀಟರ್. ಅಕ್ಷರ ಅಂಕುಡೊಂಕಾಗುವುದು ಮಕ್ಕಳ ಕೈ ನಡುಗಿದ್ದಕ್ಕಲ್ಲ, ಎಷ್ಟೋ ಸಲ ಇದರಿಂದ. ಕ್ಯಾಲಿಬ್ರೇಷನ್ ಆದ ಮೇಲೆ ಲೀ ಅವರ ತಂತ್ರಾಂಶ, ಬೋರ್ಡು ರಿಮೋಟಿನ ನೋಟದ ಎಷ್ಟು ಭಾಗ ತುಂಬಿದೆ ಅಂತ ಶೇಕಡಾ ಲೆಕ್ಕದಲ್ಲಿ ತೋರಿಸುತ್ತದೆ. ಆ ಅಂಕಿಯನ್ನು ನೋಡದೆ ಮುಂದೆ ಹೋಗಬೇಡಿ.

ಒಂದು ತರಗತಿಯಲ್ಲಿ ಎಲ್ಲವೂ ಸರಿಯಾಗಿತ್ತು. ರಿಮೋಟನ್ನು ಬೋರ್ಡಿನ ಬಲಗಡೆಗೆ ಕಟ್ಟಿದ್ದೆ. ಹತ್ತಾರು ಮಕ್ಕಳು ಬಂದು ಬರೆದರು. ಆಮೇಲೆ ಬಂದ ಒಬ್ಬ ಹುಡುಗಿ ಎಷ್ಟು ಒತ್ತಿದರೂ ಗೆರೆ ಮೂಡಲಿಲ್ಲ. "ನಂಗೆ ಬರಲ್ಲ ಸಾರ್" ಅಂತ ಪೆನ್ನು ಕೊಟ್ಟುಬಿಟ್ಟಳು. ಅವಳು ಎಡಗೈಯಲ್ಲಿ ಬರೆಯುವವಳು. ಬಲಗೈಯವರು ಬರೆಯುವಾಗ ಮೈ ಪೆನ್ನಿನ ಎಡಕ್ಕಿರುತ್ತದೆ. ಅವಳ ಮೈ ಬಲಕ್ಕಿತ್ತು, ರಿಮೋಟಿಗೆ ಸರಿಯಾಗಿ ಅಡ್ಡ. ಅವಳ ತಪ್ಪು ಏನೂ ಇರಲಿಲ್ಲ, ತಪ್ಪು ನಾನು ಕಟ್ಟಿದ ಜಾಗದ್ದು. ಅಂದಿನಿಂದ ಸಾಧ್ಯವಿದ್ದಲ್ಲೆಲ್ಲ ರಿಮೋಟನ್ನು ಚಾವಣಿಯಿಂದ ಕೆಳಮುಖವಾಗಿ ಕಟ್ಟುತ್ತೇನೆ. ಎರಡು ರಿಮೋಟ್ ಒಟ್ಟಿಗೆ ಬಳಸಲು ಬಿಡುವ ತಂತ್ರಾಂಶಗಳೂ ಇವೆ. ಆಗ ಎರಡೂ ಪಕ್ಕಕ್ಕೆ ಒಂದೊಂದು ಇಡಬಹುದು.

ಬಿಸಿಲಲ್ಲೂ ಹಳೆಯ ತಂತಿ ಬಲ್ಬಿನಲ್ಲೂ ಇನ್‌ಫ್ರಾರೆಡ್ ಇರುತ್ತದೆ. ಬಿಸಿಲು ಬೋರ್ಡಿಗೆ ಬಿದ್ದರೆ ಪರದೆಯ ಬಾಣ ತಾನೇ ಕುಣಿಯಲು ಶುರುವಾಗುತ್ತದೆ, ಅಲ್ಲಿ ಕಿಟಕಿಯ ಪರದೆ ಎಳೆಯುವುದೇ ದಾರಿ. ಬರೆಯಲು ಓಪನ್‌ಬೋರ್ಡ್ ಎಂಬ ಉಚಿತ ತಂತ್ರಾಂಶ ಚೆನ್ನಾಗಿದೆ. ರಿಮೋಟಿಗೆ ಬೇಕಾದ ಎರಡು ಸೆಲ್ಲು, ಪೆನ್ನಿಗೆ ಒಂದು, ಹೀಗೆ ಮೂರು ಸೆಲ್ಲು ಮೇಜಿನ ಖಾನೆಯಲ್ಲಿ ಯಾವಾಗಲೂ ಇರಲಿ. ಹೊಸ ತರಗತಿಯಲ್ಲಿ ಕಟ್ಟಿದ ದಿನ ಮೊದಲು ಎಡಗೈಯಲ್ಲಿ ಬರೆಯುವ ಮಗುವನ್ನು ಕರೆದು ಬರೆಸಿ ನೋಡಿ.