ಹೇಂಟೆ ಎದ್ದು ಹೋದ ಮೇಲೆ

ಅಮೆರಿಕದ ಮಿಸೌರಿ ರಾಜ್ಯದ ಓಝಾರ್ಕ್ ಗುಡ್ಡಗಳು. ಏಪ್ರಿಲ್ ಕೊನೆಯ ವಾರ. ಬೆಳಗಿನ ಐದು ಗಂಟೆಯ ಕತ್ತಲಲ್ಲಿ ನಾನೂ ಪಕ್ಕದ ಮನೆಯ ಅಜ್ಜನೂ ಕಾಡು ಟರ್ಕಿ ಕೋಳಿಯ ಬೇಟೆಗೆಂದು ಒಂದು ದಪ್ಪ ಓಕ್ ಮರಕ್ಕೆ ಬೆನ್ನು ಕೊಟ್ಟು ಕೂತಿದ್ದೆವು. ಕೋವಿ ಅವರದು, ಲೈಸೆನ್ಸೂ ಅವರದು. ನನ್ನ ಕೈಯಲ್ಲಿ ಇದ್ದದ್ದು ಅಂಗೈಗಿಂತ ಸ್ವಲ್ಪ ಉದ್ದದ ಒಂದು ಮರದ ಪೆಟ್ಟಿಗೆ. ಅದರ ಮುಚ್ಚಳ ಉಜ್ಜಿದರೆ ಟರ್ಕಿ ಹೇಂಟೆ ಕೂಗಿದ ಹಾಗೆ ಸದ್ದು ಬರುತ್ತದೆ. ಉಜ್ಜಿದೆ. ದೂರದ ಮರದ ಮೇಲಿಂದ ಹುಂಜ ‘ಗಳಗಳಗಳ’ ಎಂದಿತು. ಮತ್ತೆ ಉಜ್ಜಿದೆ, ಮತ್ತೆ ಗಳಗಳ. ಹತ್ತು ಹದಿನೈದು ಸಲ ಹೀಗೇ ನಡೆಯಿತು. ಅಯ್ಯೋ, ಇಷ್ಟು ಸುಲಭವಾ ಅನ್ನಿಸಿತು.

ಬೆಳಕು ಹರಿಯಿತು. ಹುಂಜ ಧೊಪ್ಪನೆ ನೆಲಕ್ಕಿಳಿದು ನಮಗೆ ಬೆನ್ನು ತೋರಿಸಿಕೊಂಡು ಆಚೆ ನಡೆದುಹೋಯಿತು. ಆಮೇಲೆ ಸದ್ದೇ ಇಲ್ಲ. ಏಳೂವರೆಗೆ ನನಗೆ ಕಾಫಿ ನೆನಪಾಯಿತು. ಎಂಟಕ್ಕೆ ಎದ್ದೇಬಿಟ್ಟೆ. ಹತ್ತರವರೆಗೆ ಕೂರಬೇಕು ಎಂದು ಅಜ್ಜ ಹಿಂದಿನ ದಿನವೇ ಹೇಳಿದ್ದರು. ನಾನು ಅದನ್ನು ಮುದುಕರ ಮಾತು ಅಂದುಕೊಂಡಿದ್ದೆ.

ಮನೆಗೆ ಬಂದು ಟರ್ಕಿ ಕೋಳಿಯ ಸಂತಾನದ ಕತೆಯನ್ನು ಸರಿಯಾಗಿ ಓದಿದ ಮೇಲೆ ನಾಚಿಕೆಯಾಯಿತು. ಎಂಟು ಮತ್ತು ಹತ್ತರ ನಡುವೆ ಇರುವುದು ಎರಡು ಗಂಟೆಯ ತಾಳ್ಮೆ ಮಾತ್ರ ಅಂತ ತಿಳಿದಿದ್ದೆ. ಅಲ್ಲಿ ಒಂದು ಹಕ್ಕಿಯ ಇಡೀ ಶರೀರಶಾಸ್ತ್ರ ಕೂತಿದೆ.

ಮೊದಲು ಕಾಡಿನ ಪದ್ಧತಿ ನೋಡಿ. ಟರ್ಕಿಗಳಲ್ಲಿ ಕೂಗುವವನು ಗಂಡು, ನಡೆದು ಬರುವವಳು ಹೆಣ್ಣು. ನಮ್ಮ ನವಿಲೂ ಹಾಗೇ ಅಲ್ವಾ? ಎರಡೂ ಒಂದೇ ಕುಟುಂಬದ ಹಕ್ಕಿಗಳು. ಗಂಡು ಒಂದು ಕಡೆ ನಿಂತು ಬಾಲ ಬಿಚ್ಚಿ ಮೆರೆಯುತ್ತದೆ, ಹೆಣ್ಣುಗಳು ಬಂದು ಆರಿಸಿಕೊಳ್ಳುತ್ತವೆ. ಬೇಟೆಗಾರ ಮಾಡುವುದು ಇದರ ಉಲ್ಟಾ. ತಾನು ಹೆಣ್ಣಿನ ದನಿ ತೆಗೆದು, ಗಂಡೇ ಎದ್ದು ಬರಲಿ ಅನ್ನುತ್ತಾನೆ. ಹುಂಜ ಮರದ ಮೇಲಿಂದ ಗಳಗಳ ಅಂದದ್ದರ ಅರ್ಥ ‘ಬಂದೆ’ ಅಂತಲ್ಲ, ‘ಇಲ್ಲಿದ್ದೀನಿ, ನೀನೇ ಬಾ’ ಅಂತ. ಗೂಬೆ ಕೂಗಿದರೂ, ಗುಡುಗಿದರೂ, ಯಾರೋ ಕಾರಿನ ಬಾಗಿಲು ದಬ್ಬಿದರೂ ಅದು ಹಾಗೇ ಕೂಗುತ್ತದೆ. ಗುಡುಗಿಗೆ ನವಿಲು ಕೂಗಿದಂತೆಯೇ. ನಾನು ಅದನ್ನು ಒಪ್ಪಿಗೆ ಅಂದುಕೊಂಡೆ.

ಕೆಳಗಿಳಿದ ಹುಂಜಕ್ಕೆ ಅಲ್ಲೇ ನಾಲ್ಕು ಹೇಂಟೆ ಸಿಕ್ಕಿಬಿಟ್ಟಿರುತ್ತವೆ. ಕಣ್ಣ ಮುಂದೆ ಇರುವವರನ್ನು ಬಿಟ್ಟು ಎಲ್ಲೋ ಪೊದೆಯಾಚೆ ಕೂಗುವವಳ ಹಿಂದೆ ಅದು ಯಾಕೆ ಹೋಗಬೇಕು? ಹೇಂಟೆಗಳು ಅದನ್ನು ಬಿಟ್ಟು ಹೋಗುವ ತನಕ ನಮ್ಮ ಪೆಟ್ಟಿಗೆಗೆ ಬೆಲೆ ಇಲ್ಲ. ಅವು ಬಿಟ್ಟು ಹೋಗುವುದು ಒಂಬತ್ತು ಹತ್ತರ ಹೊತ್ತಿಗೆ, ಮೊಟ್ಟೆ ಇಡಲು. ಒಂದೊಂದಾಗಿ, ಸದ್ದಿಲ್ಲದೆ ಜಾರಿಕೊಳ್ಳುತ್ತವೆ. ಗೂಡು ಅಂದರೆ ನೆಲದ ಮೇಲಿನ ಒಂದು ತಗ್ಗು ಅಷ್ಟೇ. ದಿನಕ್ಕೊಂದರಂತೆ, ನಡುವೆ ಒಂದೆರಡು ದಿನ ಬಿಟ್ಟು, ಸುಮಾರು ಎರಡು ವಾರದಲ್ಲಿ ಹತ್ತು ಹನ್ನೆರಡು ಮೊಟ್ಟೆ. ಆಮೇಲೆ 28 ದಿನ ಕಾವು. ಆಗಂತೂ ಹುಂಜದ ಕಡೆ ಹೆಚ್ಚಾಗಿ ತಿರುಗಿಯೂ ನೋಡುವುದಿಲ್ಲ.

ಹನ್ನೆರಡು ಮೊಟ್ಟೆಗೂ ಗಂಡು ಬೇಕು, ಆದರೆ ಹೇಂಟೆ ದಿನಾ ಗಂಡಿನ ಹತ್ತಿರ ಹೋಗಬೇಕಿಲ್ಲ. ಯಾಕೆ? ನನಗೆ ಹುಚ್ಚು ಹಿಡಿಸಿದ್ದು ಇದೇ ಪ್ರಶ್ನೆ. ಇಲ್ಲಿ ಸ್ವಲ್ಪ ನಿಧಾನ ಮಾಡುತ್ತೇನೆ, ಸಹಿಸಿಕೊಳ್ಳಿ.

ಹೇಂಟೆಯ ಒಳಗೆ, ಗರ್ಭಕೋಶ ಮತ್ತು ಯೋನಿ ಸೇರುವ ಜಾಗದಲ್ಲಿ, ಸಾವಿರಾರು ಸಣ್ಣ ಸಣ್ಣ ನಳಿಗೆಗಳಿವೆ. ಒಂದು ಕಡೆ ಬಾಯಿ, ಇನ್ನೊಂದು ಕಡೆ ಮುಚ್ಚಿದ ತುದಿ. ಒಮ್ಮೆ ಕೂಡಿದಾಗ ಬಂದ ವೀರ್ಯಾಣುಗಳಲ್ಲಿ ಹೆಚ್ಚಿನವು ವ್ಯರ್ಥ. ಗಟ್ಟಿಯಾದ ಸ್ವಲ್ಪವೇ ಸ್ವಲ್ಪ ಈ ನಳಿಗೆಗಳನ್ನು ಸೇರಿಕೊಂಡು ಅಲ್ಲೇ ಬದುಕಿರುತ್ತವೆ. ಎಷ್ಟು ದಿನ? ನಾಟಿ ಕೋಳಿಯಲ್ಲಿ ಎರಡು ಮೂರು ವಾರ. ಟರ್ಕಿಯಲ್ಲಿ ಎಂಟು ಹತ್ತು ವಾರ! ಮನುಷ್ಯರಲ್ಲಿ ಇದರ ಲೆಕ್ಕ ಐದಾರು ದಿನ ದಾಟುವುದಿಲ್ಲ. ಫ್ರಿಜ್ ಇಲ್ಲದೆ, ನಮ್ಮ ಮೈಗಿಂತ ಬಿಸಿಯಾದ ಮೈಯೊಳಗೆ, ಎರಡು ತಿಂಗಳು.

ಉಪ್ಪಿನಕಾಯಿ ಭರಣಿ ಅನ್ನೋಣವೇ? ಒಮ್ಮೆ ಹಾಕಿಟ್ಟರೆ ದಿನಾ ಒಂದು ಚೂರು ತೆಗೆಯಬಹುದು. ಆದರೆ ಉಪ್ಪಿನಕಾಯಿಗೆ ಜೀವವಿಲ್ಲ. ಹಾಗಾದರೆ ಹೆಪ್ಪು? ಹೆಪ್ಪು ಬೆಳೆಯುತ್ತದೆ, ಇವು ಬೆಳೆಯುವುದಿಲ್ಲ. ರೈತರು ಬೂದಿ ಬೆರೆಸಿ ಮಡಕೆಯಲ್ಲಿ ಕಟ್ಟಿಡುವ ಬಿತ್ತನೆ ಬೀಜ ಸ್ವಲ್ಪ ಹತ್ತಿರದ ಹೋಲಿಕೆ. ಜೀವ ಇದೆ, ಸುಮ್ನೆ ಮಲಗಿದೆ. ಅದರ ಜೊತೆಗೆ ಹನಿ ನೀರಾವರಿಯ ಪೈಪನ್ನೂ ಸೇರಿಸಿಕೊಳ್ಳಿ. ನಳಿಗೆಯಿಂದ ವೀರ್ಯಾಣುಗಳು ಸ್ವಲ್ಪ ಸ್ವಲ್ಪವಾಗಿ ಹೊರಬಂದು ಅಂಡನಾಳದ ಮೇಲ್ತುದಿಗೆ ಹೋಗುತ್ತವೆ. ಅಲ್ಲಿ ಅಂಡ ಬಿದ್ದ ಮೇಲೆ ಸಿಗುವ ಸಮಯ ಸುಮಾರು ಕಾಲು ಗಂಟೆ. ಅಷ್ಟರಲ್ಲಿ ಸೇರಿದರೆ ಸೇರಿತು. ಮೇಲೆ ಬಿಳಿ ಲೋಳೆ ಸುತ್ತಿಕೊಂಡ ಮೇಲೆ ಬಾಗಿಲು ಬಂದ್. ಬಸ್ಸು ಹೊರಟ ಮೇಲೆ ಓಡಿ ಪ್ರಯೋಜನವಿಲ್ಲ. ಅದಕ್ಕೇ ಪ್ರಯಾಣಿಕರು ಮೊದಲೇ ಸ್ಟ್ಯಾಂಡಿನಲ್ಲಿ ಕಾಯುತ್ತಿರಬೇಕು. ಕಾಯಿಸುವ ಕೆಲಸ ಆ ನಳಿಗೆಗಳದು.

ಟರ್ಕಿ ಫಾರ್ಮಿನವರಿಗೆ ಇದು ಅನ್ನದ ಪ್ರಶ್ನೆ. ಎದೆ ಮಾಂಸಕ್ಕಾಗಿ ತಳಿ ಮಾಡಿದ ಇಂದಿನ ಬಿಳಿ ಹುಂಜಗಳು ಎಷ್ಟು ಭಾರ ಎಂದರೆ ತಾವಾಗಿ ಕೂಡಲಾರವು. ಎಲ್ಲ ಕೃತಕ ಗರ್ಭಧಾರಣೆಯೇ. ನಳಿಗೆಗಳು ಇಲ್ಲದಿದ್ದರೆ ಆ ಕೆಲಸ ದಿನಾ ಮಾಡಬೇಕಾಗುತ್ತಿತ್ತು.

ಇಷ್ಟು ಚೆಂದದ ಸಂಗತಿ ಹಕ್ಕಿಯ ಒಳಗೇ ಇರುವಾಗ ನಮ್ಮವರಿಗೆ ನವಿಲಿನ ಕಣ್ಣೀರು ಬೇಕು! ಹೆಣ್ಣು ನವಿಲು ಗಂಡಿನ ಕಣ್ಣೀರು ಕುಡಿದು ಬಸಿರಾಗುತ್ತದೆ ಎಂದು 2017ರಲ್ಲಿ ರಾಜಸ್ಥಾನ ಹೈಕೋರ್ಟಿನ ನ್ಯಾಯಮೂರ್ತಿಯೊಬ್ಬರೇ ಹೇಳಿದ್ದು ನೆನಪಿರಬಹುದು. ಆ ನಂಬಿಕೆ ಹುಟ್ಟಿದ್ದಕ್ಕೆ ಕಾರಣ ನಾನು ಊಹಿಸಬಲ್ಲೆ. ಹಕ್ಕಿಗಳು ಕೂಡುವುದು ಕೆಲವೇ ಕ್ಷಣ, ಅದೂ ಪೊದೆಯ ಮರೆಯಲ್ಲಿ. ಆಮೇಲೆ ವಾರಗಟ್ಟಲೆ ಹೆಣ್ಣು ಒಂಟಿಯಾಗಿ ಮೊಟ್ಟೆ ಇಡುತ್ತದೆ. ನೋಡಿದವರಿಗೆ ಗಂಡಿಲ್ಲದೆ ಆಯಿತು ಅನ್ನಿಸುವುದು ಸಹಜ. ಆದರೆ ಹಳ್ಳಿಯಲ್ಲಿ ನವಿಲು ಕೂಡುವುದನ್ನು ಕಣ್ಣಾರೆ ಕಂಡವರು ಎಷ್ಟು ಜನ ಬೇಕು? ಅವರನ್ನು ಒಂದು ಮಾತು ಕೇಳಬಹುದಿತ್ತು.

ವಸಂತದಲ್ಲಿ, ಅಂದರೆ ಸಂತಾನದ ಕಾಲದಲ್ಲೇ, ಬೇಟೆಗೆ ಅನುಮತಿ ಕೊಡುವುದು ನಮಗೆ ವಿಚಿತ್ರವಾಗಿ ಕಾಣುತ್ತದೆ. ಫೋನಿನಲ್ಲಿ ಅಮ್ಮ ಕೇಳಿದ್ದೂ ಇದನ್ನೇ: ‘ಮರಿ ಮಾಡೋ ಕಾಲದಲ್ಲಿ ಯಾರಾದ್ರೂ ಹೊಡೀತಾರೇನೋ?’ ಉತ್ತರ ಮತ್ತೆ ಆ ನಳಿಗೆಗಳಲ್ಲೇ ಇದೆ. ಒಂದು ಹುಂಜ ಹಲವು ಹೇಂಟೆಗಳಿಗೆ ಸಾಕು. ಕೂಡಿಯಾದ ಹೇಂಟೆಗೆ ಆಮೇಲೆ ಹುಂಜ ಸತ್ತರೂ ಮರಿಗಳಿಗೆ ಕೊರತೆಯಿಲ್ಲ. ಹುಂಜ ಕಾವು ಕೂರುವುದಿಲ್ಲ, ಮರಿ ನೋಡಿಕೊಳ್ಳುವುದೂ ಇಲ್ಲ. ಹಾಗಾಗಿ ಹೊಡೆಯಲು ಬಿಡುವುದು ಹುಂಜವನ್ನು, ಅಥವಾ ಎದೆಯಲ್ಲಿ ಗಡ್ಡದಂಥ ಕೂದಲಿನ ಗೊಂಚಲು ಇರುವ ಹಕ್ಕಿಯನ್ನು ಮಾತ್ರ. ಆದರೆ ದಿನಾಂಕ ತೀರಾ ಬೇಗ ಇಟ್ಟರೆ ಕೂಡುವ ಮೊದಲೇ ಹುಂಜಗಳು ಹೋಗಿಬಿಡುತ್ತವೆ. ದಕ್ಷಿಣದ ರಾಜ್ಯಗಳಲ್ಲಿ ಟರ್ಕಿ ಕಡಿಮೆಯಾಗುತ್ತಿರುವ ಚಿಂತೆ ಈಗ ಇದೆ. ಟೆನೆಸ್ಸಿ 2023ರಿಂದ ತನ್ನ ಬೇಟೆಯನ್ನು ಎರಡು ವಾರ ತಡವಾಗಿ ಶುರುಮಾಡುತ್ತಿದೆ.

ಒಂದು ಕಾಲದಲ್ಲಿ ಹಕ್ಕಿಯೇ ಇರಲಿಲ್ಲ ಅನ್ನುವ ಸ್ಥಿತಿ. ಕಾಡು ಕಡಿದು, ಲೆಕ್ಕವಿಲ್ಲದೆ ಹೊಡೆದು, ಮಿಸೌರಿಯಲ್ಲಿ 1937ರಲ್ಲಿ ಬೇಟೆಯನ್ನೇ ನಿಲ್ಲಿಸಬೇಕಾಯಿತು. ಫಾರ್ಮಿನಲ್ಲಿ ಬೆಳೆಸಿದ ಹಕ್ಕಿ ತಂದು ಬಿಟ್ಟರು, ಅವು ಕಾಡಿನಲ್ಲಿ ಬಾಳಲಿಲ್ಲ. 1951ರಲ್ಲಿ ಸೌತ್ ಕ್ಯಾರೊಲಿನಾದಲ್ಲಿ ಬಲೆಯನ್ನು ಸಣ್ಣ ಫಿರಂಗಿಯಿಂದ ಹಾರಿಸಿ ಕಾಡು ಟರ್ಕಿಗಳನ್ನೇ ಹಿಡಿದರು. ಹಿಡಿದ ಹಕ್ಕಿಯನ್ನು ಖಾಲಿ ಕಾಡಿಗೆ ಬಿಡುವ ಈ ಉಪಾಯ ಗೆದ್ದಿತು. 1960ರಲ್ಲಿ ಮಿಸೌರಿ ಮೂರು ದಿನದ ವಸಂತ ಬೇಟೆ ನಡೆಸಿದಾಗ ಸಿಕ್ಕಿದ್ದು 94 ಹುಂಜ. ಇಂದು ಅಲಾಸ್ಕಾ ಬಿಟ್ಟು ಅಮೆರಿಕದ ಎಲ್ಲ ರಾಜ್ಯಗಳಲ್ಲೂ ಟರ್ಕಿ ಇದೆ. ಕೋವಿ, ತೋಟೆಗಳ ಮೇಲಿನ ತೆರಿಗೆ ವನ್ಯಜೀವಿಗಳಿಗೇ ಹೋಗಬೇಕು ಎನ್ನುವ ಕಾನೂನು 1937ರಿಂದ ಇದೆ.

ಈ ಹಕ್ಕಿಯ ಹೆಸರಿನ ಕತೆ ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಮೆಕ್ಸಿಕೋದ ಜನ ಸಾಕಿದ ಹಕ್ಕಿ ಇದು. ಸ್ಪೇನಿನವರು 1500ರ ದಶಕಗಳಲ್ಲಿ ಯುರೋಪಿಗೆ ತಂದರು. ಇಂಗ್ಲಿಷರು ಟರ್ಕಿಯದು ಎಂದರು. ಟರ್ಕಿಯವರು ‘ಹಿಂದಿ’ ಎಂದು ನಮ್ಮ ಕಡೆ ಕೈ ತೋರಿಸಿದರು. ಡಚ್ಚರು ಇನ್ನೂ ಹತ್ತಿರ ಬಂದು ‘ಕಲ್ಕೂನ್’ ಎಂದರು, ಅಂದರೆ ನಮ್ಮ ಕಲ್ಲಿಕೋಟೆಯದು! ಕಲ್ಲಿಕೋಟೆಯವರು ಬಹುಶಃ ನಕ್ಕಿರಬೇಕು. ನಿಜವಾಗಿ ಇಲ್ಲಿಗೆ ಬಂದದ್ದು ಗೋವಾದ ದಾರಿಯಲ್ಲಿ. 1612ರಲ್ಲಿ ಜಹಾಂಗೀರನಿಗೆ ಗೋವಾದಿಂದ ಒಂದು ಟರ್ಕಿ ಬಂತು, ಆಸ್ಥಾನದ ಮನ್ಸೂರ್ ಅದರ ಚಿತ್ರ ಬರೆದ. ಮದವೇರಿದಾಗ ತಲೆ ಹವಳದಂತೆ ಕೆಂಪು, ಸ್ವಲ್ಪ ಹೊತ್ತಿಗೆ ಹತ್ತಿಯಂತೆ ಬಿಳಿ, ಮತ್ತೆ ಕೆಲವೊಮ್ಮೆ ನೀಲಿ, ಗೋಸುಂಬೆಯ ಹಾಗೆ ಎಂದು ಬಾದಶಹ ತನ್ನ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ಎಷ್ಟು ಸರಿಯಾಗಿ ನೋಡಿದ್ದಾನೆ! ಬೋಳು ಚರ್ಮದ ಕೆಳಗಿನ ರಕ್ತನಾಳಗಳು ಹಿಗ್ಗಿ ಕುಗ್ಗಿದ ಹಾಗೆ ಬಣ್ಣ ಬದಲಾಗುತ್ತದೆ.

ಕೆಂಪು, ಬಿಳಿ, ನೀಲಿ. ಹೊಸಬರು ಮೊದಲು ನೆನಪಿಡಬೇಕಾದದ್ದು ಈ ಮೂರು ಬಣ್ಣ, ಕೋವಿಯ ಬೆಲೆ ಆಮೇಲೆ. ಈ ಬಣ್ಣದ ಟೋಪಿ, ಕರವಸ್ತ್ರ, ಕಾಲುಚೀಲ ಕೂಡ ಕಾಡಿಗೆ ಬೇಡ. ಇನ್ನೊಬ್ಬ ಬೇಟೆಗಾರ ಪೊದೆಯ ಸಂದಿಯಲ್ಲಿ ಅದನ್ನು ಹುಂಜದ ತಲೆ ಎಂದುಕೊಂಡರೆ ಕತೆ ಮುಗಿಯಿತು. ಗಳಗಳ ಕೇಳಿದ ಕಡೆ ತೆವಳಿಕೊಂಡು ಹೋಗುವುದೂ ಬೇಡ. ಅಲ್ಲಿ ನಿಮ್ಮಂತೆ ಸದ್ದು ಮಾಡುವ ಮನುಷ್ಯನೇ ಇರಬಹುದು. ಭುಜಕ್ಕಿಂತ ಅಗಲದ ಮರಕ್ಕೆ ಬೆನ್ನು ಕೊಟ್ಟು ಕೂರುವುದು ಹಿಂದಿನಿಂದ ಬರುವ ಚರೆಗಳಿಂದ ರಕ್ಷಣೆಗೆ. ಮಲೆನಾಡಿನ ಹಳೆಯ ಶಿಕಾರಿ ಮಾತಿನಲ್ಲಿ ಇದು ಮರಸು ಕೂರುವುದು. ಟರ್ಕಿಗೆ ಮೂಗು ಮಂದ, ಆದ್ದರಿಂದ ಗಾಳಿಯ ದಿಕ್ಕಿನ ಚಿಂತೆ ಇಲ್ಲ. ಆದರೆ ಕಣ್ಣು ತಲೆಯ ಎರಡೂ ಬದಿಗಿದೆ, ಕತ್ತು ತಿರುಗಿಸದೆ ಮುಕ್ಕಾಲು ಸುತ್ತು ಕಾಣುತ್ತದೆ. ಮೂಗು ತುರಿಸಿದಿರೋ, ಹೋಯಿತು.

ಕೋವಿ ಶಾಟ್‌ಗನ್. ಗುರಿ ತಲೆ ಮತ್ತು ಕುತ್ತಿಗೆಗೆ ಮಾತ್ರ. ದೂರ 40 ಗಜ ಮೀರಬಾರದು. ಮೊದಲೇ ಕಾಗದದ ಮೇಲೆ ಹೊಡೆದು ಚರೆ ಎಷ್ಟು ಹರಡುತ್ತದೆ ಎಂದು ನೋಡಿಕೊಳ್ಳಬೇಕು. ಲೈಸೆನ್ಸು, ತರಬೇತಿ, ಹೊತ್ತಿನ ಮಿತಿ ಎಲ್ಲ ರಾಜ್ಯಕ್ಕೊಂದು ರೀತಿ. ವೀಸಾದಲ್ಲಿರುವ ನಮ್ಮವರು ಕೋವಿ ಮುಟ್ಟುವ ಮೊದಲು ಕಾನೂನು ವಿಚಾರಿಸಿಕೊಳ್ಳಲೇಬೇಕು. ನಾನು ಪೆಟ್ಟಿಗೆ ಉಜ್ಜುವ ಕೆಲಸವೇ ಸಾಕು ಅಂದುಕೊಂಡೆ. ಮುಚ್ಚಳವಿರುವ ಈ ಪೆಟ್ಟಿಗೆಗೆ ಅರ್ಕನ್ಸಾಸ್‌ನ ಹೆನ್ರಿ ಗಿಬ್ಸನ್ ಎಂಬವರು 1897ರಲ್ಲಿ ಪೇಟೆಂಟ್ ಪಡೆದರು. ಕಲಿಯಲು ಎಲ್ಲಕ್ಕಿಂತ ಸುಲಭ. ಹೆಣ್ಣಿನ ದನಿಯಿಂದ ಗಂಡನ್ನು ಕರೆಯುವ, ಪಂಜರದ ಹಕ್ಕಿಯಿಂದ ಕಾಡು ಹಕ್ಕಿಯನ್ನು ಸೆಳೆಯುವ ವಿದ್ಯೆ ನಮಗೆ ಹೊಸದೇನಲ್ಲ. ಗೌಜಲಹಕ್ಕಿ ಹಿಡಿಯುವವರು ಅದನ್ನೇ ಮಾಡುತ್ತಿದ್ದರು. 1972ರ ವನ್ಯಜೀವಿ ಕಾಯ್ದೆಯ ನಂತರ ನಮ್ಮಲ್ಲಿ ಅದು ಅಪರಾಧ.

ಹುಸಿ ಹೇಂಟೆ ನಿಲ್ಲಿಸಬೇಕೇ ಎಂದು ಅಂಗಡಿಯಲ್ಲಿ ಕೇಳಿದೆ. ಗರಿ ಗರಿಯನ್ನೂ ಬಿಡಿಸಿದ ದುಬಾರಿ ಬೊಂಬೆ ತೋರಿಸಿದರು. ಪೆನ್ಸಿಲ್ವೇನಿಯಾದಲ್ಲಿ ಶೈನ್ ಮತ್ತು ಹೇಲ್ ಎಂಬ ವಿಜ್ಞಾನಿಗಳು ಸಾಕು ಹುಂಜಗಳ ಮುಂದೆ ಹೇಂಟೆಯ ಬೊಂಬೆ ಇಟ್ಟು ರೆಕ್ಕೆ, ಬಾಲ, ಕಾಲು ಎಲ್ಲ ಒಂದೊಂದಾಗಿ ತೆಗೆಯುತ್ತಾ ಹೋಗಿದ್ದರು. ಕೊನೆಗೆ ಕೋಲಿನ ತುದಿಯಲ್ಲಿ ತಲೆಯೊಂದೇ ಉಳಿದಾಗಲೂ ಹುಂಜ ಬಾಲ ಬಿಚ್ಚಿತ್ತು. ನಾನು ದುಡ್ಡು ಉಳಿಸಿದೆ.

ಮುಂದಿನ ಶನಿವಾರ ಮತ್ತೆ ಅದೇ ಮರ. ಈ ಸಲ ಫ್ಲಾಸ್ಕಿನಲ್ಲಿ ಕಾಫಿ ಇತ್ತು. ಹುಂಜ ಮರದ ಮೇಲೆ ಗಳಗಳ ಅಂದಿತು, ಇಳಿಯಿತು, ಆಚೆ ಹೋಯಿತು. ನಾನು ಪೆಟ್ಟಿಗೆ ಮುಟ್ಟಲಿಲ್ಲ. ಒಂಬತ್ತೂವರೆಗೆ ಒಂದು ಹೇಂಟೆ ನಮ್ಮೆದುರೇ, ಹತ್ತು ಹೆಜ್ಜೆ ದೂರದಲ್ಲಿ, ಯಾರಿಗೂ ಗೊತ್ತಾಗಬಾರದು ಎಂಬಂತೆ ಕತ್ತು ತಗ್ಗಿಸಿಕೊಂಡು ದಾಟಿ ಇಳಿಜಾರಿನ ಪೊದೆಗೆ ಹೊಕ್ಕಿತು. ಅಜ್ಜ ನನ್ನ ಕಡೆ ನೋಡಿ ಹುಬ್ಬು ಏರಿಸಿದರು. ಕಾಲು ಗಂಟೆ ಬಿಟ್ಟು ಮೆಲ್ಲಗೆ, ಮೂರೇ ಮೂರು ಸಲ ಉಜ್ಜಿದೆ. ಪಕ್ಕದ ತರಗೆಲೆಗಳನ್ನು ಕೋಳಿ ಕೆದಕಿದ ಹಾಗೆ ಬೆರಳಿನಿಂದ ಕೆದಕಿದೆ. ಏನೂ ಇಲ್ಲ. ಹತ್ತು ದಾಟಿತು. ಕಾಲು ಜೋಮು ಹಿಡಿಯಿತು.

ಆಮೇಲೆ ದಿಣ್ಣೆಯ ಆಚೆಯಿಂದ, ಕೂಗಿಲ್ಲದೆ, ಎಲೆಗಳ ಮೇಲೆ ಹೆಜ್ಜೆ ಸದ್ದು ಬಂತು. ಮೊದಲು ಕಂಡದ್ದು ಹತ್ತಿಯಂಥ ಬಿಳಿ ನೆತ್ತಿ. ಅದು ನೋಡನೋಡುತ್ತ ಕೆಂಪಾಯಿತು.