ತಲೆಗೆ ಝೀರೋ ಹೊಡೆದುಕೊಳ್ಳಲು ಬಾಳಿಕೆ ಬರುವ ಮಷೀನ್ ಯಾವುದು?

ಪ್ರಶ್ನೆ: ವಾರಕ್ಕೊಮ್ಮೆ ಮನೆಯಲ್ಲೇ ತಲೆಗೆ ಝೀರೋ ಹೊಡೆದುಕೊಳ್ಳುತ್ತೇನೆ. ತಂದ ಟ್ರಿಮ್ಮರ್‌ಗಳೆಲ್ಲ ವರ್ಷ ತುಂಬುವುದರೊಳಗೆ ಕೂದಲು ಹಿಡಿದು ಎಳೆಯಲು ಶುರು ಮಾಡುತ್ತವೆ, ಇಲ್ಲವೇ ಚಾರ್ಜ್ ನಿಲ್ಲುವುದಿಲ್ಲ. ಬಹಳ ವರ್ಷ ಬಾಳುವಂಥ ಮಷೀನ್ ಇದೆಯಾ? ಅಮೆರಿಕದಲ್ಲಿರುವ ಅಣ್ಣನ ಕೈಲಿ ತರಿಸಿದರೆ ಒಳ್ಳೆಯದಾ?

ಉತ್ತರ: ಇದೆ. ವೈರ್ ಇರುವ, ಒಳಗೆ ಕಾಯಿಲ್ ಇರುವ, ಕಟಿಂಗ್ ಶಾಪ್‌ಗಳಲ್ಲಿ ಬಳಸುವ ಮಷೀನ್ ತೆಗೆದುಕೊಳ್ಳಿ. ಇಲ್ಲೇ ತೆಗೆದುಕೊಳ್ಳಿ, ಅಮೆರಿಕದಿಂದ ಬೇಡ. ಜೊತೆಗೆ ಒಂದು ಸಣ್ಣ ಬಾಟಲಿ ಎಣ್ಣೆ ಇರಲಿ. ಯಾಕೆ ಅಂತ ಈಗ ನೋಡೋಣ.

ಮೊದಲು ನಿಮ್ಮ ಟ್ರಿಮ್ಮರ್‌ಗಳ ವಿಷಯ. ಅವು ಗಡ್ಡಕ್ಕೆಂದು ಮಾಡಿದ ಸಾಧನಗಳು. ಬ್ಲೇಡಿನ ಅಗಲ ಸುಮಾರು 3 ಸೆಂ.ಮೀ. ಇರುತ್ತದೆ. ತಲೆಗೂದಲು ಕತ್ತರಿಸುವ ಮಷೀನಿನಲ್ಲಿ ಅದು 4 ರಿಂದ 4.5 ಸೆಂ.ಮೀ. ಇರುತ್ತದೆ. ಅಷ್ಟು ಚಿಕ್ಕ ಬ್ಲೇಡು, ಅದಕ್ಕೆ ತಕ್ಕ ಚಿಕ್ಕ ಮೋಟಾರು. ಇಡೀ ತಲೆಯ ದಟ್ಟ ಕೂದಲನ್ನು ಅದರಿಂದ ತೆಗೆಯಬೇಕೆಂದರೆ ಒಂದೇ ಜಾಗದಲ್ಲಿ ಮೂರು ನಾಲ್ಕು ಸಲ ಓಡಿಸಬೇಕು. ಬ್ಲೇಡು ಕಾಯುತ್ತದೆ, ಮೋಟಾರಿಗೆ ಹೊರೆಯಾಗುತ್ತದೆ.

ಇನ್ನೊಂದು ಲೆಕ್ಕ. ತಲೆಗೂದಲು ತಿಂಗಳಿಗೆ ಒಂದು ಸೆಂ.ಮೀ.ಗಿಂತ ಸ್ವಲ್ಪ ಜಾಸ್ತಿ ಬೆಳೆಯುತ್ತದೆ. ದಿನಕ್ಕೆ ಮಿಲಿಮೀಟರಿನ ಮೂರನೇ ಒಂದು ಭಾಗ ಅಂದುಕೊಳ್ಳಿ. ಭಾನುವಾರ 1 ಮಿ.ಮೀ. ಬಿಟ್ಟು ತೆಗೆದರೆ ಮುಂದಿನ ಭಾನುವಾರಕ್ಕೆ ಅದು 3 ಮಿ.ಮೀ. ದಾಟಿರುತ್ತದೆ. ಹಾಗಾಗಿ ನೀವು ವಾರ ತಪ್ಪಿಸುವಂತಿಲ್ಲ. ಒಂದು ಸಲಕ್ಕೆ 12 ನಿಮಿಷ ಹಿಡಿದರೂ ವರ್ಷಕ್ಕೆ ಸುಮಾರು 10 ಗಂಟೆಯ ಕೆಲಸ. ಗಿರಾಕಿ ತುಂಬಿದ ಕಟಿಂಗ್ ಶಾಪಿನಲ್ಲಿ ಒಂದು ಮಷೀನು ಅಷ್ಟು ಹೊತ್ತನ್ನು ಕೆಲವೇ ದಿನಗಳಲ್ಲಿ ಓಡಿ ಮುಗಿಸುತ್ತದೆ. ಅಲ್ಲಿ ವರ್ಷಗಟ್ಟಲೆ ತಡೆಯುವ ಮಷೀನು ನಿಮ್ಮ ಮನೆಯಲ್ಲಿ ಎಷ್ಟು ಕಾಲ ತಡೆಯಬಹುದು, ನೀವೇ ಊಹಿಸಿ. ಅದಕ್ಕೇ ಜಾಹೀರಾತು ನೋಡುವ ಬದಲು ನಿಮ್ಮ ಏರಿಯಾದ ಸೆಲೂನಿನ ಅಣ್ಣನನ್ನು ಕೇಳಿ ಅನ್ನುತ್ತೇನೆ. "ಅಣ್ಣಾ, ಯಾವ ಮಷೀನು ರಿಪೇರಿಗೆ ಕಡಿಮೆ ಬರುತ್ತೆ? ಯಾವುದಕ್ಕೆ ಬ್ಲೇಡು ಇಲ್ಲೇ ಸಿಗುತ್ತೆ?" ಈ ಎರಡು ಪ್ರಶ್ನೆ ಸಾಕು.

ಕಾಯಿಲ್ ಮಷೀನು ಹೊಸದೇನಲ್ಲ. ಅಮೆರಿಕದ ಇಲಿನಾಯ್ ರಾಜ್ಯದ ಸ್ಟರ್ಲಿಂಗ್ ಎಂಬ ಊರಿನ ಲಿಯೋ ವಾಲ್ 1919ರಲ್ಲೇ ಇದರ ಪೇಟೆಂಟಿಗೆ ಅರ್ಜಿ ಹಾಕಿದ್ದರು. ಇವತ್ತಿನ ವಾಲ್ ಕಂಪನಿ ಹುಟ್ಟಿದ್ದು ಅಲ್ಲಿಂದಲೇ. ಒಳಗಿನ ಏರ್ಪಾಡು ಇಂದಿಗೂ ಬಹಳ ಬದಲಾಗಿಲ್ಲ. ತಾಮ್ರದ ತಂತಿ ಸುತ್ತಿದ ಒಂದು ಕಾಯಿಲ್, ಅದರ ಎದುರಿಗೆ ಒಂದು ಕಬ್ಬಿಣದ ತೋಳು, ತೋಳನ್ನು ವಾಪಸ್ ಎಳೆಯಲು ಸ್ಪ್ರಿಂಗು. ಕರೆಂಟು ಹರಿದಾಗ ಕಾಯಿಲ್ ಅಯಸ್ಕಾಂತವಾಗಿ ತೋಳನ್ನು ಎಳೆಯುತ್ತದೆ. ಕರೆಂಟಿನ ಅಲೆ ಇಳಿದಾಗ ಸ್ಪ್ರಿಂಗು ಹಿಂದಕ್ಕೆ ತರುತ್ತದೆ. ತೋಳಿನ ತುದಿಯಲ್ಲಿ ಬ್ಲೇಡು ಕೂತಿರುತ್ತದೆ. ನಮ್ಮ ಮನೆಯ ಕರೆಂಟು 50 ಹರ್ಟ್ಸ್, ಅಂದರೆ ಸೆಕೆಂಡಿಗೆ 50 ಸುತ್ತು. ಒಂದೊಂದು ಸುತ್ತಿನಲ್ಲೂ ಎರಡು ಸಲ ಎಳೆತ ಇರುವುದರಿಂದ ಸೆಕೆಂಡಿಗೆ 100, ನಿಮಿಷಕ್ಕೆ 6,000 ಸಲ ಬ್ಲೇಡು ಆಡುತ್ತದೆ. ಗೇರಿಲ್ಲ, ಮೋಟಾರುಗಳ ಒಳಗೆ ಸವೆಯುವಂಥ ಬ್ರಷ್ ಇಲ್ಲ, ಬ್ಯಾಟರಿಯೂ ಇಲ್ಲ. ಕೆಡುವ ಭಾಗಗಳೇ ಕಡಿಮೆ. ಕೆಟ್ಟರೂ ನಾಲ್ಕು ಸ್ಕ್ರೂ ಬಿಚ್ಚಿದರೆ ಎಲ್ಲ ಕಣ್ಣಿಗೆ ಕಾಣುತ್ತದೆ.

ಇಂಥ ಮಷೀನಿನ ಪಕ್ಕದಲ್ಲಿ ಒಂದು ಸ್ಕ್ರೂ ಇರುತ್ತದೆ. ತೋಳು ಎಷ್ಟು ದೂರ ಆಡಬೇಕೆಂದು ಹೊಂದಿಸುವುದು ಅದರಿಂದಲೇ. ವೋಲ್ಟೇಜ್ ಇಳಿಯುವ ಊರುಗಳಲ್ಲಿ ತೋಳಿನ ಆಟ ಕಡಿಮೆಯಾಗಿ ಕೂದಲು ಎಳೆಯುತ್ತದೆ. ಎಷ್ಟೋ ಜನ ಮಷೀನೇ ಹೋಯಿತು ಅಂದುಕೊಳ್ಳುತ್ತಾರೆ. ಆನ್ ಮಾಡಿಟ್ಟುಕೊಂಡು, ಗಡಗಡ ಅನ್ನುವವರೆಗೆ ಆ ಸ್ಕ್ರೂ ತಿರುಗಿಸಿ, ಸದ್ದು ನಿಲ್ಲುವಷ್ಟು ಮಾತ್ರ ಹಿಂದಕ್ಕೆ ತನ್ನಿ. ಅಷ್ಟರಲ್ಲಿ ಸರಿಹೋಗುತ್ತದೆ.

ಈಗ ಅಮೆರಿಕದ ಮಾತು. ಅಲ್ಲಿನ ಕರೆಂಟು 120 ವೋಲ್ಟ್, 60 ಹರ್ಟ್ಸ್. ಅಲ್ಲಿನ ವೈರ್ ಮಷೀನನ್ನು ನಮ್ಮ 230 ವೋಲ್ಟಿಗೆ ನೇರ ಚುಚ್ಚಿದರೆ ಕಾಯಿಲ್ ಸುಟ್ಟುಹೋಗುತ್ತದೆ. ವೋಲ್ಟೇಜ್ ಇಳಿಸುವ ಟ್ರಾನ್ಸ್‌ಫಾರ್ಮರ್ ಹಾಕಬಹುದು ನಿಜ. ಆದರೆ ಅದು ಹರ್ಟ್ಸ್ ಬದಲಾಯಿಸುವುದಿಲ್ಲ. 7,200 ಸಲ ಆಡಲೆಂದು ಮಾಡಿದ ಮಷೀನು ಇಲ್ಲಿ 6,000 ಸಲ ಆಡುತ್ತದೆ, ಜಾಸ್ತಿ ಬಿಸಿಯೂ ಆಗುತ್ತದೆ. ಅಷ್ಟು ದುಡ್ಡು ಕೊಟ್ಟು ಅಷ್ಟು ದೂರದಿಂದ ತಂದ ವಸ್ತುವಿಗೆ ಈ ಗತಿ ಯಾಕೆ, ಅಲ್ವಾ? ಅಣ್ಣ ತಂದೇ ತರುತ್ತೇನೆ ಅಂದರೆ ಬ್ಯಾಟರಿಯದ್ದನ್ನು ತರಲಿ. ಅದರ ಅಡಾಪ್ಟರ್ ಮೇಲೆ 100-240 ವೋಲ್ಟ್ ಎಂದು ಬರೆದಿದೆಯೇ ಎಂದು ಅಂಗಡಿಯಲ್ಲೇ ಓದಿಕೊಳ್ಳಲಿ.

ಬ್ಯಾಟರಿ ಮಷೀನು ಬೇಡವೇ ಬೇಡ ಅಂತಲ್ಲ. ಕನ್ನಡಿ ಮುಂದೆ ನಿಂತು ತಲೆಯ ಹಿಂಭಾಗಕ್ಕೆ ಕೈ ಹಾಕುವಾಗ ವೈರ್ ಅಡ್ಡ ಬರುವುದು ನಿಜವಾದ ತೊಂದರೆ. ಬಾತ್‌ರೂಮಿನಲ್ಲಿ ಪ್ಲಗ್ ಇಲ್ಲದ ಮನೆಗಳೂ ಇವೆ. ತೆಗೆದುಕೊಳ್ಳುವುದಾದರೆ ಸೆಲೂನ್ ದರ್ಜೆಯ ಲಿಥಿಯಂ ಬ್ಯಾಟರಿಯದ್ದೇ ಇರಲಿ. ಹೊರಗವಚ ಸ್ಕ್ರೂ ಬಿಚ್ಚಿ ತೆಗೆಯುವಂತಿರಬೇಕು, ಅಂಟು ಹಾಕಿ ಮುಚ್ಚಿರಬಾರದು. ಕೆಲವದರಲ್ಲಿ 18650 ಅಥವಾ 14500 ಅಳತೆಯ ಸಾಮಾನ್ಯ ಸೆಲ್ ಇರುತ್ತದೆ. ಬ್ಯಾಟರಿ ಸತ್ತರೆ ಎಲೆಕ್ಟ್ರಾನಿಕ್ಸ್ ರಿಪೇರಿಯವರು ಬೇರೆ ಸೆಲ್ ಹಾಕಿಕೊಡಬಲ್ಲರು. ವಾರಕ್ಕೊಮ್ಮೆ ಬಳಸುವವರಲ್ಲಿ ಬ್ಯಾಟರಿ ಚಾರ್ಜ್ ಮಾಡಿ ಮಾಡಿ ಸಾಯುವುದು ಅಪರೂಪ. ಪೂರ್ತಿ ಖಾಲಿಯಾದ ಮೇಲೆ ಡ್ರಾಯರ್‌ನಲ್ಲಿ ಹಾಗೇ ಬಿದ್ದಿದ್ದು ಸಾಯುತ್ತದೆ. ಕೆಲಸ ಮುಗಿದ ಮೇಲೆ ಸ್ವಲ್ಪ ಚಾರ್ಜ್ ಮಾಡಿಟ್ಟುಬಿಡಿ.

ಝೀರೋ ಅಂದರೆ ಎಷ್ಟು ಎಂದೂ ನೋಡಬೇಕು. ಎಲ್ಲ ಮಷೀನಿನ ಝೀರೋ ಒಂದೇ ಅಲ್ಲ. ಸಾಧಾರಣ ವೈರ್ ಮಷೀನುಗಳು ಗಾರ್ಡ್ (ಬ್ಲೇಡಿನ ಮೇಲೆ ಸಿಕ್ಕಿಸುವ ಬಾಚಣಿಗೆ) ಇಲ್ಲದೆ 1 ಮಿ.ಮೀ. ಆಸುಪಾಸು ಬಿಡುತ್ತವೆ, ಪಕ್ಕದ ಲಿವರ್ ಎಳೆದರೆ 3 ಮಿ.ಮೀ.ವರೆಗೆ ಹೋಗುತ್ತವೆ. ಬೋಳುತಲೆಗೆಂದೇ ಬರುವ ತೆಳು ಬ್ಲೇಡು 0.4 ಮಿ.ಮೀ. ಬಿಡುತ್ತದೆ. ನಂಬರ್ ಒನ್ ಗಾರ್ಡ್ ಅಂದರೆ 3 ಮಿ.ಮೀ., ಅರ್ಧ ನಂಬರ್ ಅಂದರೆ 1.5. ನಿಮಗೆ 1 ಮಿ.ಮೀ. ಸಾಕೆನಿಸಿದರೆ ಸಾಧಾರಣ ಬ್ಲೇಡೇ ಒಳ್ಳೆಯದು. ತೆಳು ಬ್ಲೇಡು ಬೇಗ ಬಿಸಿಯಾಗುತ್ತದೆ, ಬೆವರುಗುಳ್ಳೆ ಇರುವ ಚರ್ಮಕ್ಕೆ ಕಚ್ಚುತ್ತದೆ. ಚಿನ್ನದ ಬಣ್ಣದ ಲೇಪ, ಟೈಟಾನಿಯಂ ಲೇಪ ಅಂತ ಜಾಸ್ತಿ ದುಡ್ಡು ಕೊಡಬೇಡಿ. ಸೆರಾಮಿಕ್ ಬ್ಲೇಡು ಬಿಸಿ ಕಡಿಮೆ ಆಗುತ್ತದೆ, ಆದರೆ ಕೈಜಾರಿ ಬಿದ್ದರೆ ಹಲ್ಲು ಮುರಿಯುತ್ತದೆ. ಮನೆಬಳಕೆಗೆ ಒಳ್ಳೆಯ ಉಕ್ಕಿನ ಬ್ಲೇಡೇ ನನ್ನ ಆಯ್ಕೆ.

ಇನ್ನು ಎಣ್ಣೆ. ಬಾಳಿಕೆಯ ಅರ್ಧ ಗುಟ್ಟು ಇಲ್ಲಿದೆ. ಕೆಳಗಿನ ಬ್ಲೇಡು ಅಲುಗದೆ ಇರುತ್ತದೆ, ಮೇಲಿನದು ಅದರ ಮೈಗೆ ಉಜ್ಜಿಕೊಂಡೇ ಓಡುತ್ತದೆ. ನಡುವೆ ಎಣ್ಣೆಯ ಪದರ ಇಲ್ಲದಿದ್ದರೆ ಉಕ್ಕು ಉಕ್ಕನ್ನೇ ತಿನ್ನುತ್ತದೆ. ಮೊದಲು ಬ್ರಷ್ಷಿನಿಂದ ಹಲ್ಲುಗಳ ನಡುವಿನ ಕೂದಲ ಚೂರು ತೆಗೆಯಿರಿ. ಮಷೀನ್ ಆನ್ ಮಾಡಿ, ಬ್ಲೇಡನ್ನು ಕೆಳಮುಖವಾಗಿ ಹಿಡಿದು, ಹಲ್ಲುಗಳ ಮೇಲೆ ಎಡಕ್ಕೊಂದು, ನಡುವಿಗೊಂದು, ಬಲಕ್ಕೊಂದು ಹನಿ ಬಿಡಿ. ಹಿಂದುಗಡೆ ಎರಡು ಬ್ಲೇಡು ಕೂಡುವ ಕಡೆ ಅತ್ತ ಇತ್ತ ಒಂದೊಂದು ಹನಿ. ಹತ್ತು ಸೆಕೆಂಡು ಓಡಿಸಿ. ಸದ್ದು ನಯವಾಗುವುದು ಕಿವಿಗೇ ಗೊತ್ತಾಗುತ್ತದೆ. ಉಳಿದದ್ದನ್ನು ಬಟ್ಟೆಯಿಂದ ಒರೆಸಿ. ಮಷೀನಿನ ಜೊತೆ ಬಂದ ಬಾಟಲಿ ಮುಗಿದರೆ ಹೊಲಿಗೆ ಮಷೀನಿನ ಎಣ್ಣೆ ನಡೆಯುತ್ತದೆ. ಕೊಬ್ಬರಿ ಎಣ್ಣೆ ಮಾತ್ರ ಬೇಡ. ಚಳಿಗಾಲದಲ್ಲಿ ಬಾಟಲಿಯಲ್ಲಿ ಗಟ್ಟಿಯಾಗುತ್ತಲ್ಲ, ಬ್ಲೇಡಿನ ನಡುವೆಯೂ ಹಾಗೇ ಗಟ್ಟಿಯಾಗಿ ಕೂದಲ ಪುಡಿ ಹಿಡಿದುಕೊಳ್ಳುತ್ತದೆ. ಅದೇ ಕಾರಣಕ್ಕೆ ತಲೆಗೆ ಎಣ್ಣೆ ಹಚ್ಚಿಕೊಂಡ ದಿನ ಮಷೀನ್ ಹಿಡಿಯಬೇಡಿ. ತೊಳೆದು ಪೂರ್ತಿ ಒಣಗಿದ ಕೂದಲಿಗೆ ಮಾತ್ರ. ವೈರ್ ಮಷೀನನ್ನು ನಲ್ಲಿ ಕೆಳಗೆ ಹಿಡಿಯಲೇಬಾರದು. ನೀರಿಗೆ ಒಗ್ಗುವ ಬ್ಯಾಟರಿ ಮಷೀನನ್ನೂ ಬೋರ್‌ವೆಲ್ ನೀರಲ್ಲಿ ತೊಳೆದು ಹಾಗೇ ಬಿಟ್ಟರೆ ಬ್ಲೇಡಿನ ಮೇಲೆ ಬಿಳಿ ಉಪ್ಪು ಕಟ್ಟುತ್ತದೆ.

ಇಷ್ಟು ಮಾಡಿಯೂ ಒಂದು ದಿನ ಬ್ಲೇಡು ಮೊಂಡಾಗುತ್ತದೆ. ಬೀದಿಯಲ್ಲಿ ಬರುವ ಸಾಣೆಯವರಿಗೆ ಕೊಡಬೇಡಿ. ಅವರ ಕೈಚಳಕಕ್ಕೆ ಕೊರತೆಯಿಲ್ಲ, ಆದರೆ ತಿರುಗುವ ಸಾಣೆಕಲ್ಲು ಚಾಕು, ಕತ್ತರಿಗೆ ಸರಿ. ಈ ಮಷೀನಿನ ಬ್ಲೇಡಿನ ಎರಡು ಮೈಗಳೂ ಒಂದಕ್ಕೊಂದು ಅಂಟಿಕೊಂಡಂತೆ ಕೂರಬೇಕು, ಅದಕ್ಕೆ ಬೇರೆಯದೇ ಯಂತ್ರ ಬೇಕು. ಹೊಸ ಜೋಡಿ ಬ್ಲೇಡು ತಂದು ಹಾಕುವುದೇ ಸುಲಭ. ಎರಡು ಸ್ಕ್ರೂ ಬಿಚ್ಚಿ, ಹೊಸದನ್ನು ಕೂರಿಸಿ, ಬಿಗಿಯುವ ಮುಂಚೆ ಕಣ್ಣಿಗೆ ಹತ್ತಿರ ಹಿಡಿದು ನೋಡಿ. ಮೇಲಿನ ಬ್ಲೇಡಿನ ಹಲ್ಲುಗಳ ತುದಿ ಕೆಳಗಿನದಕ್ಕಿಂತ ಸುಮಾರು 1 ಮಿ.ಮೀ. ಹಿಂದಿರಬೇಕು, ಎರಡು ಸಾಲೂ ಓರೆಯಾಗದೆ ಸಮಾನಾಂತರವಾಗಿರಬೇಕು. ಮುಂದೆ ಬಂದರೆ ಚರ್ಮ ಕತ್ತರಿಸುತ್ತದೆ. ಮೊದಲು ಮೊಣಕೈ ಕೆಳಗಿನ ಚರ್ಮದ ಮೇಲೆ ಮೆಲ್ಲಗೆ ಓಡಿಸಿ ನೋಡಿ. ಚುಚ್ಚದಿದ್ದರೆ ತಲೆಗೆ ಹಿಡಿಯಬಹುದು.